ಕೀಮೋ ನಡುವೆ ಅಮ್ಮನಿಗೆ ರೇಖಿ: ಯಾರನ್ನು ಕರೆಸೋದು?

ಕುವೆಂಪುನಗರದ_ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 63 ವರ್ಷ, ಮೈಸೂರಿನಲ್ಲಿದ್ದಾರೆ. ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ, ಕಂಕುಳಿನ ಲಿಂಫ್ ಗಂಟುಗಳನ್ನೂ ತೆಗೆದಿದ್ದಾರೆ. 21 ದಿನಕ್ಕೊಮ್ಮೆ ಕೀಮೋ. ಆರರಲ್ಲಿ ಎರಡು ಮುಗಿದಿವೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನಡೀತಿದೆ. ಈಗಿನ ದೊಡ್ಡ ತೊಂದರೆ ನಿದ್ದೆಯದ್ದು. ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಕು ಹರಿಯೋವರೆಗೂ ಎದ್ದು ಕೂತಿರ್ತಾರೆ.

ರೇಖಿ, ಅಂದ್ರೆ ಮೈಮೇಲೆ ಕೈಯಿಟ್ಟು ಶಕ್ತಿ ಹರಿಸ್ತೀವಿ ಅನ್ನೋ ಜಪಾನಿನ ಪದ್ಧತಿ, ತಗೋಬೇಕು ಅಂತ ಅಮ್ಮನೇ ಆಸೆಪಟ್ಟಿದ್ದಾರೆ. ಕ್ಯಾನ್ಸರ್ ಡಾಕ್ಟರನ್ನು ಕೇಳಿದ್ವಿ. ಬರೀ ಕೈ ಇಡೋದಾದರೆ ಅಡ್ಡಿಯಿಲ್ಲ, ಹೊಟ್ಟೆಗೆ ಏನೂ ಕೊಡಬಾರದು, ನಮ್ಮ ಔಷಧಿ ಒಂದೂ ತಪ್ಪಬಾರದು ಅಂದರು. ಮೂರು ಕಡೆ ವಿಚಾರಿಸಿದ್ದೇನೆ.

ಮೊದಲನೆಯವರು ಮನೆಗೆ ಬರ್ತಾರೆ. ಒಂದು ಸಿಟಿಂಗ್‌ಗೆ 600 ರೂಪಾಯಿ, ಒಂದು ಗಂಟೆ. ರೇಖಿಯ ಎರಡನೇ ಡಿಗ್ರಿ, ಅಂದ್ರೆ ಎರಡನೇ ಹಂತ, ಆಗಿದೆಯಂತೆ. ಹೆಚ್ಚು ಮಾತಾಡಲಿಲ್ಲ, "ಡಾಕ್ಟರ್ ಏನಂದ್ರು?" ಅಂತ ಮೊದಲು ಕೇಳಿದರು. ಎರಡನೆಯವರು ಗ್ರ್ಯಾಂಡ್ ಮಾಸ್ಟರ್ ಅಂತೆ, ಬೇರೆ ಊರು. ಫೋಟೋ ಕಳಿಸಿದರೆ ದಿನಾ ದೂರದಿಂದಲೇ 21 ದಿನ ರೇಖಿ ಕಳಿಸ್ತಾರೆ, 11,000 ರೂಪಾಯಿ, ಪೂರ್ತಿ ಮುಂಗಡ. ಮೂರನೆಯದು ಒಂದು ಸೆಂಟರ್. ಗೋಡೆ ತುಂಬ ಸರ್ಟಿಫಿಕೇಟು, ಹೊರಗೆ "ಸರ್ಕಾರಿ ನೋಂದಣಿ ಪಡೆದಿದೆ" ಅಂತ ಬೋರ್ಡು. ಮೂರು ತಿಂಗಳ ಪ್ಯಾಕೇಜ್ 27,000. ಸಕ್ಕರೆ ಮಾತ್ರೆ ನಿಧಾನಕ್ಕೆ ಬಿಡಿಸಬಹುದು ಅಂದರು. ಶುರುವಿನಲ್ಲಿ ಜ್ವರ, ಭೇದಿ ಬಂದರೆ ಹೆದರಬೇಡಿ, ವಿಷ ಹೊರಗೆ ಹೋಗ್ತಿರೋ ಲಕ್ಷಣ ಅಂದರು.

ಡಿಗ್ರಿ ನೋಡಿ ಆರಿಸಬೇಕಾ, ಅನುಭವ ನೋಡಿಯಾ? ಏನೇನು ಕೇಳಬೇಕು? ಗೊತ್ತಿರುವವರು ದಯವಿಟ್ಟು ತಿಳಿಸಿ. ಮುಂದಿನ ಕೀಮೋಗೆ ಇನ್ನು ಹನ್ನೊಂದು ದಿನ ಇದೆ.

ಡೇಕೇರ್_ಸಿಸ್ಟರ್

ಮೂರನೆಯ ಸೆಂಟರನ್ನು ಇವತ್ತೇ ಪಟ್ಟಿಯಿಂದ ತೆಗೆದುಬಿಡಿ. ಬಿಡೋಕೆ ಸಕ್ಕರೆ ಮಾತ್ರೆಯ ಮಾತೊಂದೇ ಸಾಕಿತ್ತು. ಜ್ವರದ ಮಾತು ಅದಕ್ಕಿಂತ ಅಪಾಯದ್ದು.

ಕೀಮೋ ಆದ 7ರಿಂದ 14ನೇ ದಿನದ ಸುಮಾರಿಗೆ ಬಿಳಿ ರಕ್ತಕಣಗಳು ತೀರಾ ಕೆಳಗಿಳಿದಿರುತ್ತವೆ. ನಿಮ್ಮ ಲೆಕ್ಕದ ಪ್ರಕಾರ ಅಮ್ಮ ಈಗ ಅದೇ ದಿನಗಳಲ್ಲಿದ್ದಾರೆ. ಆಗ ತಗಲುವ ಸೋಂಕು ಕೆಲವೇ ಗಂಟೆಗಳಲ್ಲಿ ಮೈಗೆಲ್ಲ ಏರಬಹುದು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಮೊದಲು ಪ್ಯಾರಸಿಟಮಾಲ್ ಕೊಟ್ಟು ನೋಡೋಣ ಅಂತ ಕೂರಬೇಡಿ. ಜ್ವರ ಇಳಿದ ಹಾಗೆ ಕಾಣುತ್ತೆ, ಸೋಂಕು ಒಳಗೇ ಬೆಳೀತಿರುತ್ತೆ. ಇಂಥ ಜ್ವರವನ್ನು "ಶುದ್ಧೀಕರಣ" ಅಂತ ಕರೆಯುವವರ ಕೈಗೆ ಕೀಮೋ ರೋಗಿಯನ್ನು ಒಪ್ಪಿಸಲೇಬಾರದು.

ಹಾಗಾಗಿ ಯಾರನ್ನೇ ಆಗಲಿ ಮೊದಲು ಕೇಳಬೇಕಾದ್ದು ಇದು: "ಸಿಟಿಂಗ್ ಆದ ರಾತ್ರಿ ಅಮ್ಮನಿಗೆ ಜ್ವರ ಬಂದರೆ ಏನು ಮಾಡೋದು?" ತಡವರಿಸದೆ "ಆಸ್ಪತ್ರೆಗೆ ಹೋಗಿ" ಅನ್ನಬೇಕು. "ಆಸ್ಪತ್ರೆಗೂ ಹೋಗಿ, ಆದ್ರೆ ಇದು ಸಹಜ" ಅಂತ ಎಳೆದರೂ ಬೇಡ. ಆ "ಆದ್ರೆ"ಯನ್ನು ನೆಚ್ಚಿಕೊಂಡು ಮನೆಯವರು ಆರು ಗಂಟೆ ಕಾಯ್ತಾರೆ.

ಕೈಕಾಲು ಜುಮ್ಮೆನ್ನುವ ವಿಷಯವೂ ಇದೇ ಥರ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೆಲವು ಕೀಮೋ ಔಷಧಿಗಳು ನರಗಳ ತುದಿಗೆ ಪೆಟ್ಟು ಕೊಡುತ್ತವೆ. ಬೆರಳ ತುದಿ, ಅಂಗಾಲು ಜುಮ್ಮೆನ್ನುತ್ತೆ, ಅಂಗಿ ಗುಂಡಿ ಹಾಕಿಕೊಳ್ಳೋದೂ ಕಷ್ಟವಾಗುತ್ತೆ. ರೇಖಿ ತಗೊಳ್ಳುವಾಗ ಜುಮ್ಮೆಂದರೆ "ಶಕ್ತಿ ಹರೀತಿದೆ" ಅಂತ ಹೇಳುವುದು ವಾಡಿಕೆ, ಅಮ್ಮನೂ ಖುಷಿಯಿಂದ ನಂಬ್ತಾರೆ. ಆದರೆ ಆ ಜುಮ್ಮು ಡಾಕ್ಟರ್ ಕಿವಿಗೆ ಬೀಳಲೇಬೇಕು. ಅದನ್ನು ನೋಡಿಕೊಂಡೇ ಅವರು ಮುಂದಿನ ಡೋಸ್ ಕಡಿಮೆ ಮಾಡೋದಾ, ಔಷಧಿ ಬದಲಿಸೋದಾ ಅಂತ ತೀರ್ಮಾನಿಸ್ತಾರೆ.

ಬರುವವರಿಗೆ ಮೊದಲೇ ಹೇಳಿಡಿ. ನೆಗಡಿ, ಕೆಮ್ಮು, ಭೇದಿ ಇದ್ದರೆ ಅವತ್ತು ಬರೋದೇ ಬೇಡ. ಬಂದ ತಕ್ಷಣ ಸೋಪು ಹಾಕಿ 20 ಸೆಕೆಂಡು ಕೈ ತೊಳೀಬೇಕು, ಉಂಗುರ ಬಳೆ ತೆಗೆದು. ಎಡಗೈ ಮೇಲೆ, ಎಡ ಕಂಕುಳಿನ ಹತ್ತಿರ ಒತ್ತಡ ಬೀಳಬಾರದು. ಲಿಂಫ್ ಗಂಟು ತೆಗೆದ ಕೈ ಊದಿಕೊಳ್ಳುವ ಸಂಭವ ಇರುತ್ತೆ. ಕಾಲರ್ ಮೂಳೆ ಕೆಳಗೆ ಕೀಮೋ ಪೋರ್ಟ್ (ಔಷಧಿ ಹನಿಸೋಕೆ ಚರ್ಮದಡಿ ಇಡುವ ಚಿಕ್ಕ ಸಾಧನ) ಹಾಕಿದ್ದರೆ ಅದನ್ನೂ ಮುಟ್ಟೋ ಹಾಗಿಲ್ಲ. ಅಗರಬತ್ತಿ, ಕರ್ಪೂರ, ಸುಗಂಧದ ಎಣ್ಣೆ ಯಾವುದೂ ಬೇಡ. ಕೀಮೋ ಹೊಟ್ಟೆಗೆ ವಾಸನೆಯೊಂದೇ ಸಾಕು ವಾಂತಿ ತರಿಸೋಕೆ. ಮುಂದೆ ರೇಡಿಯೇಷನ್ ಶುರುವಾದರೆ ಆ ಜಾಗದ ಚರ್ಮವನ್ನು ಮುಟ್ಟಲೇಬಾರದು, ಅಂಗೈಯನ್ನು ನಾಲ್ಕು ಬೆರಳಷ್ಟು ಮೇಲೆ ಹಿಡಿದರೆ ಆಯ್ತು.

ಅಂದ ಹಾಗೆ, ಕೀಮೋ ಹಿಂದುಮುಂದಿನ ದಿನಗಳಲ್ಲಿ ಡೆಕ್ಸಾಮೆಥಾಸೋನ್ ಅನ್ನುವ ಮಾತ್ರೆ ಕೊಟ್ಟಿದ್ದಾರಾ? ನಿದ್ದೆ ಕೆಡುವುದು ತಿಂಗಳಿಡೀನಾ, ಕೆಲವು ದಿನ ಮಾತ್ರನಾ? ಇವೆರಡನ್ನೂ ನೋಡಿ ತಿಳಿಸಿ.

ಹಸ್ತ_ಧಾರವಾಡ

ರೇಖಿ ಕಲಿಸುವವನಾಗಿ ಸಿಸ್ಟರ್ ಮಾತಿಗೆ ಪೂರ್ತಿ ಒಪ್ಪಿಗೆ. ರೋಗಿಗೆ ಏನಾದರೂ ಎಲ್ಲಕ್ಕೂ "ಹೀಲಿಂಗ್ ಕ್ರೈಸಿಸ್", ಅಂದರೆ ವಾಸಿಯಾಗುವ ಮುಂಚೆ ಬರುವ ಕಷ್ಟ, ಅನ್ನೋದು ನಮ್ಮವರಲ್ಲಿ ಬೇರೂರಿರುವ ಕೆಟ್ಟ ಚಾಳಿ. ಕೆಲಸ ಕಲಿತವನು ಯಾವಾಗ ಕೈ ತೆಗೆಯಬೇಕು ಅನ್ನೋದನ್ನೂ ಕಲಿತಿರಬೇಕು.

ಈಗ ಡಿಗ್ರಿ ವಿಷಯ. ಮಿಕಾವೊ ಉಸುಯಿ ಅವರು 1922ರಲ್ಲಿ ಜಪಾನಿನಲ್ಲಿ ಶುರುಮಾಡಿದ್ದು ಇದು. ಅವರಿಂದ ಚುಜಿರೊ ಹಯಾಶಿ, ಅವರಿಂದ ಹವಾಯಿಯ ಹವಾಯೊ ತಕಾತಾ. 1980ರಲ್ಲಿ ತೀರಿಕೊಳ್ಳುವ ಮೊದಲು ತಕಾತಾ 22 ಮಂದಿ ಮಾಸ್ಟರ್‌ಗಳನ್ನು ತಯಾರು ಮಾಡಿದ್ದರು. ನಮ್ಮಲ್ಲಿ ಕಲಿಸುವ ಬಹುಪಾಲು ರೇಖಿ ಆ 22 ಜನರ ಮೂಲಕ ಹರಿದು ಬಂದದ್ದು. ಈ ಗುರುಪರಂಪರೆಯಲ್ಲಿ ಇರುವುದು ಮೂರೇ ಮೆಟ್ಟಿಲು. ಮೊದಲನೆಯದರಲ್ಲಿ ತನ್ನ ಮೈಮೇಲೆ, ಇನ್ನೊಬ್ಬರ ಮೈಮೇಲೆ ಕೈಯಿಡುವುದು. ಎರಡನೆಯದರಲ್ಲಿ ಮೂರು ಚಿಹ್ನೆಗಳು, ದೂರದಿಂದ ಕಳಿಸುವ ಕ್ರಮ. ಮೂರನೆಯದು ಮಾಸ್ಟರ್, ಅಂದರೆ ಕಲಿಸುವ ಅಧಿಕಾರ. "ಗ್ರ್ಯಾಂಡ್ ಮಾಸ್ಟರ್" ಎಂಬ ನಾಲ್ಕನೆಯ ಮೆಟ್ಟಿಲು ಇಲ್ಲಿ ಇಲ್ಲ. ಕರುಣಾ ರೇಖಿ, ಲಾಮಾ ಫೆರಾ ಅಂತೆಲ್ಲ ಸರ್ಟಿಫಿಕೇಟಿನಲ್ಲಿ ಕಂಡರೆ ಅವು ಆಮೇಲೆ ಬಂದ ಬೇರೆ ಪದ್ಧತಿಗಳು, ಉಸುಯಿ ರೇಖಿಯ ಮೇಲಿನ ಹಂತಗಳಲ್ಲ.

ಆದ್ದರಿಂದ ನಿಮ್ಮ ಅಮ್ಮನ ಕೆಲಸಕ್ಕೆ ಮೊದಲ ಡಿಗ್ರಿಯವರೂ ಸಾಲುತ್ತಾರೆ. ನೋಡಬೇಕಾದ್ದು ಕೈಗೆ ಎಷ್ಟು ರೂಢಿಯಾಗಿದೆ ಅನ್ನೋದನ್ನು. ಶನಿವಾರ ಮೊದಲನೆಯದು, ಭಾನುವಾರ ಎರಡನೆಯದು ಅಂತ ಎರಡೇ ದಿನದಲ್ಲಿ ಮುಗಿಸಿ ಕೊಡುವ ಶಿಬಿರಗಳು ಊರೂರಲ್ಲಿ ಇವೆ. ಮೊದಲ ಡಿಗ್ರಿಯ ದೀಕ್ಷೆಯಾದ ಮೇಲೆ ಕನಿಷ್ಠ 21 ದಿನ ಸ್ವಂತ ಅಭ್ಯಾಸ ಮಾಡುವ ರೂಢಿಯಿದೆ. ಅದನ್ನು ಮಾಡಿದ್ದೀರಾ, ಎರಡು ಡಿಗ್ರಿಗಳ ನಡುವೆ ಎಷ್ಟು ಅಂತರವಿತ್ತು, ಮನೆಯವರನ್ನು ಬಿಟ್ಟು ಎಷ್ಟು ಜನರಿಗೆ ಪೂರ್ತಿ ಸಿಟಿಂಗ್ ಕೊಟ್ಟಿದ್ದೀರಿ, ಕೀಮೋ ನಡೆಯುತ್ತಿದ್ದವರು ಅವರಲ್ಲಿ ಇದ್ದರಾ, ಇಷ್ಟು ಕೇಳಿ. ಗುರುವಿನ ಗುರು ಯಾರು ಅಂತಲೂ ಕೇಳಬಹುದು. ನೆಟ್ಟಗೆ ಕಲಿತವರು ತಮ್ಮಿಂದ ಉಸುಯಿವರೆಗಿನ ಹೆಸರುಗಳನ್ನು ಸಲೀಸಾಗಿ ಹೇಳುತ್ತಾರೆ.

ಸಿಟಿಂಗ್ ಹೇಗಿರಬೇಕು ಅಂತ ಗೊತ್ತಿದ್ದರೆ ತಪ್ಪು ಹಿಡಿಯೋದು ಸುಲಭ. ಬಟ್ಟೆ ಒಂದನ್ನೂ ತೆಗೆಯುವ ಅಗತ್ಯವಿಲ್ಲ. ಸಾಮಾನ್ಯವಾಗಿ ಹನ್ನೆರಡು ಜಾಗ: ತಲೆಯ ಭಾಗದಲ್ಲಿ ನಾಲ್ಕು, ಮುಂಭಾಗದಲ್ಲಿ ನಾಲ್ಕು, ಬೆನ್ನಿಗೆ ನಾಲ್ಕು. ಒಂದೊಂದು ಕಡೆ ಮೂರರಿಂದ ಐದು ನಿಮಿಷ. ಅಂಗೈ ಭಾರ ಎಷ್ಟಿರಬೇಕೆಂದರೆ, ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವಷ್ಟು. ಅಮುಕುವುದು, ಉಜ್ಜುವುದು, ನೆಟಿಕೆ ತೆಗೆಯುವುದು ರೇಖಿಯಲ್ಲ. ಎದೆ, ಕಿಬ್ಬೊಟ್ಟೆ ಹತ್ತಿರ ಕೈ ಮೇಲಕ್ಕೆ ಹಿಡಿಯಬೇಕು ಇಲ್ಲವೇ ಆ ಜಾಗ ಬಿಟ್ಟುಬಿಡಬೇಕು. ಶುರುಮಾಡುವ ಮುಂಚೆ "ಎಲ್ಲಿ ಮುಟ್ಟೋದು ಬೇಡಮ್ಮ?" ಅಂತ ಕೇಳದವರನ್ನು ಎರಡನೇ ಸಲ ಕರೆಯಬೇಡಿ.

ನಿಮ್ಮ ತಾಯಿಗೆ ಬೋರಲು ಮಲಗೋದು ಈಗ ಆಗದ ಮಾತು. ಅದಕ್ಕೆ ಬೆನ್ನಿನ ನಾಲ್ಕು ಜಾಗ ಬಿಟ್ಟು, ಕಣ್ಣು, ಕಪೋಲ, ತಲೆಯ ಹಿಂಭಾಗ, ಭುಜ, ಹೊಟ್ಟೆಯ ಮೇಲ್ಭಾಗ, ಪಾದ ಇಷ್ಟಕ್ಕೆ 25 ನಿಮಿಷ ಸಾಕು. ಇಡೀ ಗಂಟೆ ಬೇಡ, ಮಧ್ಯೆ ಬಚ್ಚಲಿಗೆ ಹೋಗಬೇಕಾದರೂ ಸಂಕೋಚಪಟ್ಟು ಸುಮ್ಮನಿರುತ್ತಾರೆ. "ಒಂದು ಗಂಟೆಗಿಂತ ಕಡಿಮೆ ಮಾಡಿದರೆ ಫಲವಿಲ್ಲ" ಅಂತ ಹಟ ಹಿಡಿದರೆ ಅವರಿಗೆ ರೋಗಿಯ ಹದ ಗೊತ್ತಿಲ್ಲ ಅಂತ ಅರ್ಥ.

ಮೊದಲನೆಯವರ ಬಗ್ಗೆ ನೀವು ಬರೆದದ್ದರಲ್ಲಿ ನನಗೆ ಹಿಡಿಸಿದ್ದು ಅವರು ಡಾಕ್ಟರ್ ಮಾತನ್ನು ಮೊದಲು ಕೇಳಿದ್ದು. ಅವರನ್ನೇ ಒಂದು ಸಿಟಿಂಗ್‌ಗೆ ಕರೆಸಿ ನೋಡಿ.

ಅಂಕಿ_ಅಂಶ

ರೇಖಿ ಬಗ್ಗೆ ನಂಬಿಕೆ ಇಲ್ಲದವನಾದರೂ ಈ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟ ಒಂದು ಅಧ್ಯಯನ ಇರೋದರಿಂದ ಬರೀತಿದ್ದೇನೆ. 2011ರಲ್ಲಿ ಪ್ರಕಟವಾದದ್ದು. ಕೀಮೋ ಹನಿಸುವ ಕೊಠಡಿಯಲ್ಲಿದ್ದ 189 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎಂದಿನ ಆರೈಕೆ ಮಾತ್ರ, ಇನ್ನೊಂದಕ್ಕೆ ನಿಜವಾದ ರೇಖಿ, ಮತ್ತೊಂದಕ್ಕೆ ರೇಖಿಯ ಹಾಗೆಯೇ ಕೈಯಿಡುವ ನಟನೆ. ರೇಖಿ ಪಡೆದವರಿಗೂ ನಟನೆ ಪಡೆದವರಿಗೂ ಎಂದಿನ ಆರೈಕೆಯವರಿಗಿಂತ ಹಾಯೆನಿಸಿತು. ಆದರೆ ಈ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಆತಂಕ, ಖಿನ್ನತೆಗೆ ರೇಖಿ ಕೆಲಸ ಮಾಡುತ್ತದೆಯೇ ಅಂತ 2015ರಲ್ಲಿ ಬಂದ ಕಾಕ್ರೇನ್ ಪರಿಶೀಲನೆಯೂ (ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಹೌದು ಅಥವಾ ಇಲ್ಲ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತಲೇ ಹೇಳಿತು.

ಇದರಿಂದ ನಿಮಗೆ ಆಗುವ ಉಪಯೋಗ ಏನಂದರೆ, ಚಿಹ್ನೆ, ದೀಕ್ಷೆ, ಡಿಗ್ರಿಗೆ ದುಡ್ಡು ಸುರಿಯಬೇಕಾಗಿಲ್ಲ. ಒಬ್ಬ ಶಾಂತ ಮನುಷ್ಯ ಅರ್ಧ ಗಂಟೆ ಫೋನ್ ಬದಿಗಿಟ್ಟು ಪಕ್ಕದಲ್ಲಿ ಕೂತು ಮೃದುವಾಗಿ ಕೈಯಿಟ್ಟಿದ್ದೇ ಅಲ್ಲಿ ನೆಮ್ಮದಿ ತಂದಿರುವ ಹಾಗಿದೆ. ನನ್ನ ಪ್ರಕಾರ ಎರಡನೆಯವರು ಪಟ್ಟಿಯಿಂದ ಬಿಟ್ಟುಹೋಗುವುದು ಇಲ್ಲೇ. ಫೋಟೋ ನೋಡಿ ದೂರದಿಂದ ಕಳಿಸುವುದರಲ್ಲಿ ಆ ಕೂರುವಿಕೆಯೇ ಇಲ್ಲ. 21 ದಿನದಲ್ಲಿ ಅವರು ಎಷ್ಟು ದಿನ ಕಳಿಸಿದರು ಅಂತ ತಿಳಿಯಲು ನಿಮಗೆ ದಾರಿಯೂ ಇಲ್ಲ.

ಫಲ ಅಳೆಯುವುದಾದರೆ ಒಂದು ನೋಟ್‌ಬುಕ್ ಇಡಿ. ಮಲಗಿದ ಹೊತ್ತು, ರಾತ್ರಿ ಎಷ್ಟು ಸಲ ಎಚ್ಚರ, ಎದ್ದ ಹೊತ್ತು, ಆತಂಕಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಮ್ಮನೇ ಕೊಟ್ಟ ಅಂಕ. ಕೀಮೋ ಎಷ್ಟನೇ ದಿನ ಅಂತ ಪ್ರತಿ ಸಾಲಿನ ಎದುರು ಬರೆಯಲೇಬೇಕು. ಕೀಮೋ ಆದ ಮೊದಲ ವಾರ ಯಾರಿಗಾದರೂ ಕಷ್ಟವೇ, ಮೂರನೇ ವಾರ ತಾನಾಗಿ ಸುಧಾರಿಸುತ್ತದೆ. ರೇಖಿ ಎರಡನೇ ವಾರ ಶುರುವಾದರೆ ಆ ಸುಧಾರಣೆಯೆಲ್ಲ ರೇಖಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಹೋಲಿಸುವಾಗ ಈ ಸಲದ 12ನೇ ದಿನವನ್ನು ಹಿಂದಿನ ಸಲದ 12ನೇ ದಿನದ ಜೊತೆ ಇಡಿ.

ಹಸ್ತ_ಧಾರವಾಡ

ಅಂಕಿ_ಅಂಶ ಅವರೇ, ದೂರದ ರೇಖಿ ಬಗ್ಗೆ ನನ್ನ ನಂಬಿಕೆ ಬೇರೆ. ಆದರೂ ಕಣ್ಣಿಗೆ ಕಾಣದ್ದಕ್ಕೆ 11,000 ಮುಂಗಡ ಕೇಳೋದು ತಪ್ಪು ಅನ್ನೋದರಲ್ಲಿ ಎರಡು ಮಾತಿಲ್ಲ. ನೋಟ್‌ಬುಕ್ ಸಲಹೆ ಬಹಳ ಚೆನ್ನಾಗಿದೆ. ಅದನ್ನು ನೋಡಲು ಒಪ್ಪದ ರೇಖಿಯವರನ್ನು ಬಿಟ್ಟುಬಿಡಬಹುದು.

ಗ್ರಾಹಕ_ದನಿ

"ಸರ್ಕಾರಿ ನೋಂದಣಿ" ಬೋರ್ಡಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ದೇಶದಲ್ಲಿ ರೇಖಿಗೆ ಸರ್ಕಾರದ ಪರವಾನಗಿ ಅನ್ನುವುದೇ ಇಲ್ಲ. ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯದ ವ್ಯಾಪ್ತಿಗೆ ಬರುವುದು ಆಯುರ್ವೇದ, ಯೋಗ ಮತ್ತು ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪತಿ. ರೇಖಿ ಅದರಲ್ಲಿಲ್ಲ. ಹಾಗಾದರೆ ಆ ಬೋರ್ಡು ಏನು? ಟ್ರಸ್ಟ್ ನೋಂದಣಿ, ಅಂಗಡಿ ಪರವಾನಗಿ, ಉದ್ಯಮ ನೋಂದಣಿ, ಇವುಗಳಲ್ಲಿ ಯಾವುದೋ ಒಂದಿರುತ್ತದೆ. ಅವು ವ್ಯವಹಾರಕ್ಕೆ ಸಿಗುವ ಕಾಗದ, ಕೈಗುಣಕ್ಕಲ್ಲ. ಹೆಸರಿನ ಹಿಂದೆ "ಡಾ." ಇದ್ದರೆ ಯಾವ ಪದವಿ, ಯಾವ ಮಂಡಳಿಯ ನೋಂದಣಿ ಸಂಖ್ಯೆ ಅಂತ ಕೇಳಿ. ಎಂಬಿಬಿಎಸ್ ಆದವರ ಹೆಸರು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಸಿಗುತ್ತದೆ.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿ ಕ್ಯಾನ್ಸರ್, ಮಧುಮೇಹ ಎರಡೂ ಇವೆ. ಈ ರೋಗಗಳನ್ನು ಪವಾಡಶಕ್ತಿಯಿಂದ ವಾಸಿಮಾಡುತ್ತೇವೆ ಅಂತ ಜಾಹೀರಾತು ಕೊಡುವುದು ಅಪರಾಧ. ಕರಪತ್ರ, ವಾಟ್ಸಾಪ್ ಸಂದೇಶ ಏನಾದರೂ ಕೊಟ್ಟಿದ್ದರೆ ಇಟ್ಟುಕೊಂಡಿರಿ. ದುಡ್ಡಿನ ವಿಷಯಕ್ಕೆ ಒಂದೇ ನಿಯಮ: ಸಿಟಿಂಗ್ ಆದ ಮೇಲೆ ಆ ದಿನದ್ದು ಯುಪಿಐನಲ್ಲಿ ಕೊಡಿ, ಪ್ಯಾಕೇಜ್ ಬೇಡ. ಕೀಮೋ ನಡೆಯುವವರಿಗೆ ದಿನ ನಿಗದಿ ಮಾಡಿಕೊಂಡರೂ ರಕ್ತಪರೀಕ್ಷೆ ಕೈಕೊಟ್ಟು ಮುಂದೆ ಹೋಗುತ್ತಲೇ ಇರುತ್ತದೆ, ಮುಂಗಡ ಕೊಟ್ಟದ್ದು ಹಾಗೇ ಉಳಿದುಬಿಡುತ್ತದೆ. ಕೊಟ್ಟು ಸಿಕ್ಕಿಹಾಕಿಕೊಂಡರೆ ಗ್ರಾಹಕ ಸಹಾಯವಾಣಿ 1915.

ಲೀಡ್ಸ್_ಕನ್ನಡಿಗ

ಬ್ರಿಟನ್ನಿನಲ್ಲಿ ಅಪ್ಪ ಅಮ್ಮನ ಜೊತೆ ಇರುವವರು ಇದನ್ನು ಓದುತ್ತಿದ್ದರೆ: ಇಲ್ಲೂ ರೇಖಿಗೆ ಕಾನೂನಿನ ಲೈಸೆನ್ಸ್ ಇಲ್ಲ. ಆದರೆ ಸಿಎನ್‌ಎಚ್‌ಸಿ ಅನ್ನುವ ಸ್ವಯಂಪ್ರೇರಿತ ನೋಂದಣಿ ಪಟ್ಟಿ ಇದೆ, ಹೆಸರು ಹಾಕಿ ಹುಡುಕಬಹುದು, ದೂರೂ ಕೊಡಬಹುದು. ಅದರಲ್ಲಿ ಇರುವವರನ್ನು ಮೊದಲು ನೋಡಿ.

ಕುವೆಂಪುನಗರದ_ಮಗಳು

ಎಲ್ಲರಿಗೂ ತುಂಬಾ ಧನ್ಯವಾದ. ಮೊದಲನೆಯವರಿಗೆ ಫೋನ್ ಮಾಡಿ ಜ್ವರದ ಪ್ರಶ್ನೆ ಕೇಳಿದೆ. "ಮೊದಲು ಆಸ್ಪತ್ರೆ, ಆಮೇಲೆ ನನಗೆ ತಿಳಿಸಿದರೆ ಸಾಕು, ವಾಸಿಯಾಗುವವರೆಗೆ ನಾನು ಬರೋದಿಲ್ಲ" ಅಂದರು. 25 ನಿಮಿಷಕ್ಕೂ ಒಪ್ಪಿದರು.

ಇನ್ನೆರಡು ಪ್ರಶ್ನೆ. ಅಮ್ಮನೇ ಮೊದಲ ಡಿಗ್ರಿ ಮಾಡಿಕೊಂಡರೆ ಹೇಗೆ? ರಾತ್ರಿ ಎರಡಕ್ಕೆ ಯಾರೂ ಬರೋಕಾಗಲ್ಲ. ಸಿಸ್ಟರ್, ನೀವು ಕೇಳಿದ್ದು ನೋಡಿದೆ. ಡೆಕ್ಸಾಮೆಥಾಸೋನ್ ಇದೆ, ಕೀಮೋ ಹಿಂದಿನ ದಿನದಿಂದ ಮೂರು ದಿನ, ದಿನಕ್ಕೆ ಎರಡು ಸಲ. ಅಮ್ಮ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ತಗೊಳ್ತಾರೆ. ನಿದ್ದೆ ತೀರಾ ಕೆಡೋದು ಆ ಮೂರು ದಿನ ಮತ್ತು ಆಮೇಲಿನ ಒಂದೆರಡು ದಿನ. ಬೇರೆ ದಿನ ಎಚ್ಚರ ಆದರೂ ಮತ್ತೆ ಮಲಗ್ತಾರೆ.

ಹಸ್ತ_ಧಾರವಾಡ

ಕಲಿಯಬಹುದು ತಂಗಿ, ಆದರೆ ಈಗಲೇ ಶಿಬಿರಕ್ಕೆ ಬೇಡ. ಮೂವತ್ತು ನಲವತ್ತು ಜನ ಮುಚ್ಚಿದ ಕೋಣೆಯಲ್ಲಿ ಕೂರುವ ಜಾಗಕ್ಕೆ ರಕ್ತಕಣ ಇಳಿದವರು ಹೋಗಬಾರದು. ಒಬ್ಬರಿಗೇ ಮನೆಯಲ್ಲಿ ಕಲಿಸುವವರು ಸಿಕ್ಕರೆ ಮೂರನೇ ವಾರದಲ್ಲಿ, ದಿನಕ್ಕೆ ಎರಡೆರಡು ಗಂಟೆ ಹಂಚಿಕೊಂಡು ಮಾಡಲಿ. ಅಲ್ಲಿಯವರೆಗೆ ದೀಕ್ಷೆಯಿಲ್ಲದೆಯೂ ಆಗುವುದೊಂದಿದೆ. ಎಚ್ಚರವಾದಾಗ ಎದ್ದು ಕೂರದೆ, ಬಲಗೈ ಹೊಟ್ಟೆಯ ಮೇಲ್ಭಾಗದಲ್ಲಿ ಇಟ್ಟುಕೊಂಡು, ಎಡಗೈಯನ್ನು ದಿಂಬಿನ ಮೇಲೆ ಸಡಿಲವಾಗಿ ಬಿಟ್ಟು ಉಸಿರಿನ ಜೊತೆ ಹೊಟ್ಟೆ ಏರಿಳಿಯೋದನ್ನು ಗಮನಿಸಲಿ. ಉಸುಯಿ ಹೇಳಿಕೊಟ್ಟ ಐದು ನಿಯಮಗಳಲ್ಲಿ ಮೊದಲೆರಡನ್ನು ಮನಸ್ಸಿನಲ್ಲೇ ಅಂದುಕೊಳ್ಳಲಿ: ಇವತ್ತೊಂದು ದಿನ ಸಿಟ್ಟು ಬೇಡ, ಇವತ್ತೊಂದು ದಿನ ಚಿಂತೆ ಬೇಡ. ದೇವರನಾಮ ರೂಢಿಯಿದ್ದರೆ ಅದನ್ನೇ ಹೇಳಿಕೊಳ್ಳಲಿ, ಏನೂ ವ್ಯತ್ಯಾಸವಿಲ್ಲ.

ಡೇಕೇರ್_ಸಿಸ್ಟರ್

ನಾನು ಅಂದುಕೊಂಡದ್ದೇ ಆಯ್ತು. ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸುವ ಮಾತ್ರೆ. ರಾತ್ರಿ ಎಂಟಕ್ಕೆ ತಗೊಂಡರೆ ಎರಡಕ್ಕೆ ಕಣ್ಣು ಬಿಟ್ಟುಕೊಂಡಿರೋದು ಆಶ್ಚರ್ಯವೇನಲ್ಲ. ವಾಂತಿ, ಅಲರ್ಜಿ ತಡೆಯೋಕೆ ಕೊಟ್ಟಿರ್ತಾರೆ, ಹಾಗಾಗಿ ನೀವೇ ಬಿಡಿಸೋದು, ಹೊತ್ತು ಬದಲಿಸೋದು ಮಾಡಬೇಡಿ. ನಾಳೆಯೇ ಆಸ್ಪತ್ರೆಯಲ್ಲಿ ಕೀಮೋ ಕೊಡುವ ಡೇಕೇರ್‌ಗೆ ಫೋನ್ ಮಾಡಿ "ಎರಡನೇ ಮಾತ್ರೆಯನ್ನು ಮಧ್ಯಾಹ್ನ ಊಟದ ಜೊತೆ ಕೊಡಬಹುದಾ?" ಅಂತ ಡಾಕ್ಟರನ್ನು ಕೇಳಿ. ಎಷ್ಟೋ ಸಲ ಒಪ್ಪುತ್ತಾರೆ.

ಇದೇ ಮಾತ್ರೆ ಸಕ್ಕರೆಯನ್ನೂ ಏರಿಸುತ್ತೆ. ಆ ಮೂರು ದಿನ ಏರಿ, ಮಾತ್ರೆ ನಿಂತ ಎರಡು ಮೂರು ದಿನಕ್ಕೆ ತಾನಾಗಿ ಇಳಿಯುತ್ತೆ. ಆ ಇಳಿಕೆಯನ್ನು ತೋರಿಸಿಯೇ ಯಾರಾದರೂ "ನೋಡಿ, ನಮ್ಮಿಂದ ಸಕ್ಕರೆ ಕಡಿಮೆಯಾಯ್ತು, ಮಾತ್ರೆ ಬಿಡಿ" ಅನ್ನಬಹುದು. ಆ ದಿನಗಳಲ್ಲಿ ಗ್ಲುಕೋಮೀಟರ್‌ನಲ್ಲಿ ಬೆಳಿಗ್ಗೆ ಒಂದು ಸಲ, ರಾತ್ರಿ ಊಟಕ್ಕೆ ಮುಂಚೆ ಒಂದು ಸಲ ನೋಡಿ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ಕೀಮೋಗೆ ಬರುವಾಗ ನೋಟ್‌ಬುಕ್ ತನ್ನಿ. ರೇಖಿಯವರನ್ನು 15ನೇ ದಿನದ ಮೇಲೆ ಕರೆಸಿ, ಅಷ್ಟರಲ್ಲಿ ಒಂದು ರಕ್ತಪರೀಕ್ಷೆ ವರದಿಯೂ ಕೈಗೆ ಬಂದಿರುತ್ತೆ.

ಕುವೆಂಪುನಗರದ_ಮಗಳು

ಡೇಕೇರ್‌ಗೆ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡ್ತೇನೆ ಸಿಸ್ಟರ್. ರೇಖಿಯವರಿಗೆ 16ನೇ ದಿನ, ಸಂಜೆ ಐದಕ್ಕೆ ಬನ್ನಿ ಅಂತ ಹೇಳಿದ್ದೇನೆ. ಅಗರಬತ್ತಿ ಬೇಡ ಅಂತಲೂ ಹೇಳಿದೆ.